ವಿಭೂತಿ ಬಿದ್ದ ಕೇಕು

ಭೀಮನಬೀಡಿನ ನಮ್ಮ ಮನೆಯಲ್ಲಿ ಒಂದು ಕಾಲಕ್ಕೆ ಎರಡು ಅಡುಗೆಮನೆಗಳಿದ್ದವು. ಮನೆ ದೊಡ್ಡದಾಗಿತ್ತು ಅಂತಲ್ಲ, ಜಗಳ ದೊಡ್ಡದಾಗಿತ್ತು. ಒಳಗಿನ ಅಡುಗೆಮನೆಯಲ್ಲಿ ಗ್ಯಾಸ್ ಒಲೆ, ಕುಕ್ಕರ್, ಮಿಕ್ಸಿ, ಅಮ್ಮ ಮತ್ತು ಚಿಕ್ಕಮ್ಮ. ಇನ್ನೊಂದು ಹಿತ್ತಿಲ ಬಾಗಿಲ ಪಕ್ಕ, ದನದ ಕೊಟ್ಟಿಗೆಗೆ ಒತ್ತಿಕೊಂಡಂತೆ ಹಾಕಿದ ತಗಡಿನ ಚಪ್ಪರ. ಅಲ್ಲಿ ಒಂದು ಮಣ್ಣಿನ ಒಲೆ, ನಾಲ್ಕಾರು ಪಾತ್ರೆ, ಮುದ್ದೆ ತಿರುವುವ ಕೋಲು ಮತ್ತು ನಮ್ಮ ಅಜ್ಜಿ. ನಾನು ಎರಡೂ ಕಡೆ ಉಣ್ಣುತ್ತಿದ್ದೆ. ಒಳಗೆ ಅನ್ನ ಸಾರು ಉಂಡು, ಕೈ ತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಬಂದು ಅಜ್ಜಿಯ ಮುದ್ದೆ ಸೊಪ್ಪಿನೆಸರು ಮುಗಿಸುತ್ತಿದ್ದೆ. ಹೀಗಾಗಿ ಆ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಮೈಕೈ ತುಂಬಿಕೊಂಡವಳು ನಾನೊಬ್ಬಳೇ.

ಜಗಳಕ್ಕೆ ಕಾರಣ ಮಾದೇವ ಚಿಕ್ಕಪ್ಪ. ಅವನು ನಮ್ಮ ಹೊಲದ ಬೀನ್ಸು, ಟೊಮೆಟೊ, ಕೋಸನ್ನು ಪಿಕಪ್ ಗಾಡಿಗೆ ತುಂಬಿಕೊಂಡು ಕಾಡು ದಾಟಿ ಕೇರಳದ ಬತ್ತೇರಿ ಮಾರ್ಕೆಟ್ಟಿಗೆ ಹೋಗುತ್ತಿದ್ದ. ಮಾಲು ಇಳಿಸಿದ ಮೇಲೆ ಅಲ್ಲಿನ ಬೇಕರಿಯೊಂದರಲ್ಲಿ ಟೀ ಕುಡಿದು ಬರುವುದು ರೂಢಿ. ಬರಬರುತ್ತಾ ಟೀ ಕುಡಿಯುವ ಹೊತ್ತು ಜಾಸ್ತಿಯಾಯಿತು. ಕೊನೆಗೆ ಒಂದು ಮಧ್ಯಾಹ್ನ ಬೇಕರಿಯವರ ಮಗಳನ್ನೇ ಗಾಡಿಯ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು, ಕೊರಳಲ್ಲಿ ಮಾಲೆ ಹಾಕಿಕೊಂಡು ಮನೆ ಮುಂದೆ ಬಂದು ನಿಂತ. ಹುಡುಗಿಯ ಹೆಸರು ಲಿಸ್ಸಿ, ಕ್ರಿಶ್ಚಿಯನ್ನರ ಮನೆಯವಳು. ನಾವೋ ಕೊರಳಿಗೆ ಲಿಂಗ ಕಟ್ಟಿಕೊಂಡವರು. ಮೊಟ್ಟೆ ಎಂಬ ಮಾತನ್ನೂ ಮೆಲ್ಲಗೆ ಆಡುವ ಮನೆ. ಬೀದಿಗೆ ಬೀದಿಯೇ ನಮ್ಮ ಜಗುಲಿ ಮುಂದೆ ಸೇರಿತು. ಅಪ್ಪ ಸ್ಕೂಲು ಮೇಷ್ಟರು, ಊರಿಗೆಲ್ಲ ಬುದ್ಧಿ ಹೇಳುವವನು. ಆವತ್ತು ತಮ್ಮನನ್ನು ಗದರಬೇಕೋ ಒಳಗೆ ಕರೆಯಬೇಕೋ ತಿಳಿಯದೆ ಕನ್ನಡಕ ಒರೆಸುತ್ತಾ ನಿಂತುಬಿಟ್ಟ. ಅಜ್ಜಿ ಮಾತ್ರ ತಡಮಾಡಲಿಲ್ಲ. ಕೊರಳಿನ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಎಲ್ಲರಿಗೂ ಕೇಳುವಂತೆ ಹೇಳಿದಳು.

“ಕಟ್ಕಂಡು ಬಂದ್ಬುಟ್ಟವ್ನೆ, ಆಚೆಗೆ ನೂಕಕ್ಕಾಯ್ತದಾ? ಇರ್ಲಿ ಮನೇಲಿ. ಆದ್ರ ಇವಳ ಕೈಯಿಂದ ಒಂದಗುಳೂ ನನ್ನ ಬಾಯೊಳಿಕ್ಕೆ ಓಗಲ್ಲ. ಲಿಂಗ ಮುಟ್ಟಿ ಯೋಳ್ತಾವ್ನಿ, ಎಲ್ರೂ ಕೇಳುಸ್ಕಳಿ.”

ಮಾರನೆಯ ಬೆಳಿಗ್ಗೆಯೇ ಹಿತ್ತಿಲಲ್ಲಿ ಮಣ್ಣಿನ ಒಲೆ ಎದ್ದಿತು. ಅಜ್ಜಿ ಒಳಗಿನ ಅಡುಗೆಮನೆಯ ಹೊಸ್ತಿಲು ತುಳಿಯುವುದನ್ನೇ ಬಿಟ್ಟಳು. ಚಿಕ್ಕಮ್ಮನ ಜೊತೆ ಮಾತೂ ಇಲ್ಲ. ಹೇಳಬೇಕಾದ್ದಿದ್ದರೆ ನನ್ನ ಮೂಲಕವೇ ಹೇಳಬೇಕು, ಚಿಕ್ಕಮ್ಮ ಎದುರಿಗೇ ನಿಂತಿದ್ದರೂ. ನಾನಾಗ ನಾಲ್ಕನೆಯ ಕ್ಲಾಸು. ಮೊದಲ ವಾರ ಹೇಳಿದ್ದನ್ನು ಹೇಳಿದಂತೆಯೇ ಒಪ್ಪಿಸಿದೆ. ಚಿಕ್ಕಮ್ಮ ನೀರುಮನೆಗೆ ಹೋಗಿ ಬಾಗಿಲು ಹಾಕಿಕೊಂಡು, ಬಕೆಟ್ಟಿಗೆ ನೀರು ಬಿಟ್ಟುಕೊಂಡು ಅಳುತ್ತಿದ್ದಳು. ಅದು ಕೇಳಿಸಿದ ಮೇಲೆ ನಾನು ನನ್ನದೇ ದಾರಿ ಹಿಡಿದೆ.

“ಯೋಳಮ್ಮಿ ಅವಳ್ಗ, ಒಸ್ತಿಲ ಮ್ಯಾಲೆ ಕುಂತ್ಕಂಡು ತಲೆ ಬಾಚದ ಅವ್ರೂರ್ನಲ್ಲಿ ಇಟ್ಕಳ್ಳಿ ಅಂತ.”

ನಾನು ಚಿಕ್ಕಮ್ಮನ ಹತ್ತಿರ ಹೋಗಿ ಹೇಳುತ್ತಿದ್ದೆ:

“ಚಿಕ್ಕಮ್ಮ, ಜಗುಲಿ ಮ್ಯಾಲೆ ಗಾಳಿ ಚೆಂದಾಗಿ ಬತ್ತದಂತೆ. ಅಲ್ಲಿ ಕುಂತ್ಕಂಡು ಬಾಚ್ಕಬೇಕಂತೆ ನೀವು.”

ಚಿಕ್ಕಮ್ಮ ಜಗುಲಿಗೆ ಹೋಗುತ್ತಿದ್ದಳು. ಹೊಸ್ತಿಲು ಖಾಲಿಯಾಯಿತೆಂದು ಅಜ್ಜಿಗೆ ಸಮಾಧಾನ, ಅತ್ತೆ ಗಾಳಿ ತೋರಿಸಿದಳೆಂದು ಚಿಕ್ಕಮ್ಮನಿಗೆ ಸಮಾಧಾನ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವಾಗ ಅದರ ಮುಳ್ಳು ತೆಗೆದು ಕೊಡುವ ಚಾಳಿ ನನಗೆ ಅಂಟಿದ್ದು ಆಗ. ಇವತ್ತಿಗೂ ಅದು ಬಿಟ್ಟಿಲ್ಲ. ನನ್ನ ಗಂಡ ಇದನ್ನು ಸುಳ್ಳು ಎನ್ನುತ್ತಾನೆ. ಎರಡು ಒಲೆಯ ಮನೆಯಲ್ಲಿ ಬೆಳೆದಿದ್ದರೆ ಹಾಗೆನ್ನುತ್ತಿರಲಿಲ್ಲ.

ಅಜ್ಜಿಯ ದೊಡ್ಡ ದೌರ್ಬಲ್ಯ ಸಿಹಿ. ಕಾಫಿಗೆ ಬೆಲ್ಲ ಹಾಕಿಕೊಂಡಿದ್ದರೂ ಪಕ್ಕದಲ್ಲಿ ಇನ್ನೊಂದು ಚೂರು ಬೆಲ್ಲ ಇಟ್ಟುಕೊಂಡು ಕುಡಿಯುತ್ತಿದ್ದಳು. ಕಜ್ಜಾಯ ಸುಟ್ಟ ದಿನ ಊಟವೇ ಬೇಡ. ಚಿಕ್ಕಮ್ಮನ ಕೈಯಲ್ಲಿದ್ದದ್ದೂ ಅದೇ ವಿದ್ಯೆ. ಹುಟ್ಟಿದಾಗಿನಿಂದ ಬೇಕರಿಯ ಹಿಂದಿನ ಕೋಣೆಯಲ್ಲಿ ಬೆಳೆದವಳು, ಹಿಟ್ಟು ಮುಟ್ಟಿದರೆ ಅವಳ ಮುಖವೇ ಬೇರೆಯಾಗುತ್ತಿತ್ತು. ಅತ್ತೆಗೆ ಏನಾದರೂ ಒಂದನ್ನು ತನ್ನ ಕೈಯಾರೆ ತಿನ್ನಿಸಬೇಕು, ಸಿಹಿಯಾದರೆ ಸೋತಾರು ಎಂದು ಅವಳ ಲೆಕ್ಕ. ಆದರೆ ಅವಳು ಬಲ್ಲ ಕೇಕಿಗೆಲ್ಲ ಮೊಟ್ಟೆಯೇ ಆಧಾರ. ನಮ್ಮ ಮನೆಯಲ್ಲಿ ಅದನ್ನು ನೆನೆಯುವಂತಿಲ್ಲ. ಹಾಗಾಗಿ ಮೊಟ್ಟೆಯಿಲ್ಲದ ಕೇಕನ್ನು ಮೊದಲಿನಿಂದ ಕಲಿಯಲು ಕೂತಳು. ಓವನ್ ಇರಲಿಲ್ಲ. ಎದುರು ಮನೆ ಕಟ್ಟಲು ಸುರಿದಿದ್ದ ಮರಳನ್ನು ಒಂದು ಬುಟ್ಟಿ ಕೇಳಿ ತಂದು, ಏಳೆಂಟು ನೀರಿನಲ್ಲಿ ತೊಳೆದು, ಜಗುಲಿಯ ಮೇಲೆ ಒಣಹಾಕಿ, ಕುಕ್ಕರಿನ ತಳಕ್ಕೆ ಹರಡಿದಳು. ಮುಚ್ಚಳದ ರಬ್ಬರು ತೆಗೆದು, ವಿಷಲ್ ತೆಗೆದು, ಮರಳು ಕಾದ ಮೇಲೆ ಹಿಟ್ಟಿನ ಪಾತ್ರೆಯನ್ನು ಅದರ ಮೇಲಿಟ್ಟು ಕಾಯುವುದು. ಹಿತ್ತಿಲಿನಿಂದ ಅಜ್ಜಿಯ ದನಿ ಬಂತು.

“ಏನಮ್ಮಿ, ಮರಳ ಬೇಯ್ಸ್ತಾವಳಂತಲ್ಲ. ಬೆಂದದಾ ಕೇಳು. ಉಪ್ಪು ಉಳಿ ನೋಡು.”

“ಚೆಂದಾಗಿ ಬೇಯ್ಲಿ ಅಂದ್ಲು ಅಜ್ಜಿ,” ಎಂದೆ ನಾನು ಒಳಗೆ ಬಂದು.

ಮೊದಲ ಕೇಕು ಕಲ್ಲಾಯಿತು. ಎರಡನೆಯದು ತಳ ಹಿಡಿಯಿತು. ಇನ್ನೊಂದು ಚೆನ್ನಾಗಿ ಉಬ್ಬಿ, ಮುಚ್ಚಳ ತೆಗೆಯುತ್ತಿದ್ದಂತೆ ನಡುವೆ ಕುಸಿದು ಕೂತಿತು. ಅದನ್ನೆಲ್ಲ ತಿಂದವಳು ನಾನು, ನಾನು ಬಿಟ್ಟದ್ದನ್ನು ತಿಂದವನು ಚಿಕ್ಕಪ್ಪ. ಮೊಸರು ಹಾಕಿ ನೋಡೋಣ ಎಂದವಳು ಅಮ್ಮ. ಹುಳಿ ಬಂದ ಮೊಸರಿಗೆ ಸೋಡಾಪುಡಿ ಬಿದ್ದಾಗ ಹಿಟ್ಟು ಬುಸುಬುಸು ಎಂದಿತು. ಅವತ್ತು ಕುಕ್ಕರಿನ ಮುಚ್ಚಳ ತೆಗೆದಾಗ ಚಿಕ್ಕಮ್ಮ ಕುಣಿಯುವುದೊಂದು ಬಾಕಿ. ಕೇಕು ದುಂಡಗೆ, ಕೆಂಪಗೆ, ಬೆರಳಿನಲ್ಲಿ ಒತ್ತಿದರೆ ಮತ್ತೆ ಮೇಲೇಳುತ್ತಿತ್ತು. ಅದರ ವಾಸನೆ ಹಿತ್ತಿಲನ್ನೂ ಬಿಡಲಿಲ್ಲ. ನಾನು ಹೋದಾಗ ಅಜ್ಜಿ ಒಲೆ ಊದುವುದನ್ನು ನಿಲ್ಲಿಸಿ ಕೂತಿದ್ದಳು.

“ಅದೇನಮ್ಮಿ ಆ ಗಮಲು?”

“ವೆನಿಲ್ಲಾ ಅಂತೆ ಅಜ್ಜಿ.”

“ಊವಾ ಅದು?”

“ಇಲ್ಲ, ಬಾಟ್ಲಿ.”

ಅಜ್ಜಿ ನನ್ನ ಕೈ ಹಿಡಿದು, ಅಂಗೈಯನ್ನು ಮೂಗಿನ ಹತ್ತಿರ ತಂದುಕೊಂಡಳು. ಎಷ್ಟು ಹೊತ್ತು ಹಾಗೇ ಹಿಡಿದಿದ್ದಳೆಂದರೆ ನನಗೆ ಕಚಗುಳಿಯಾಗಿ ಕೈ ಎಳೆದುಕೊಂಡೆ. ಆಮೇಲೆ ಒಂದು ವಾರದಲ್ಲಿ ಅವಳು ಕಡೆದ ಬೆಣ್ಣೆಯ ಬಟ್ಟಲು ಒಳಗೆ ಬರಲು ಶುರುವಾಯಿತು. “ಜಾಸ್ತಿ ಆಗದ, ವಾಸ್ನ ಬಂದ್ಬುಡ್ತದ, ನಿಮ್ಮವ್ವನ ಕೈಗೆ ಕೊಡು” ಎಂದು ನನ್ನ ಕೈಗಿಡುತ್ತಿದ್ದಳು. ಅಮ್ಮ ಬೆಣ್ಣೆಯಲ್ಲಿ ಏನೂ ಮಾಡುವವಳಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಕೇಕಿನ ಚೂರನ್ನು ತಟ್ಟೆಯಲ್ಲಿ ಒಯ್ದರೆ ಮುಖ ತಿರುಗಿಸುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಇಷ್ಟು ಆಸೆ ಇಟ್ಟುಕೊಂಡು ಇಷ್ಟು ಹಟ ಯಾಕೆ ಎಂದು ನನಗೆ ಆಗ ಅರ್ಥವಾಗುತ್ತಿರಲಿಲ್ಲ.

ಅಷ್ಟರಲ್ಲಿ ಚಿಕ್ಕಮ್ಮ ಬಸುರಿಯಾದಳು. ನಮ್ಮ ಮನೆಯಲ್ಲಿ ಏಳು ತಿಂಗಳಿಗೆ ಬಸುರಿಯ ತವರಿನವರು ಸಿಹಿಯ ಬುತ್ತಿ ತರಬೇಕು. ಬೀದಿಯ ಹೆಂಗಸರನ್ನು ಕರೆದು ಕೂರಿಸಿ, ಅವರ ಮುಂದೆ ಅತ್ತೆ ಆ ಬುತ್ತಿಯಲ್ಲಿ ಮೊದಲ ತುತ್ತು ತೆಗೆದುಕೊಳ್ಳಬೇಕು. ಅತ್ತೆ ತಿಂದ ಮೇಲೆಯೇ ಉಳಿದವರಿಗೆ ಹಂಚುವುದು. ಅಮ್ಮ ನನ್ನನ್ನು ಹೊತ್ತಾಗ ಕುದೇರಿನ ತವರಿನಿಂದ ಬುಟ್ಟಿಗಟ್ಟಲೆ ಕಜ್ಜಾಯ ಬಂದಿತ್ತಂತೆ. ಚಿಕ್ಕಪ್ಪ ಮೊಬೈಲಿನಲ್ಲಿ ಬತ್ತೇರಿಗೆ ಫೋನು ಮಾಡಿಕೊಟ್ಟ. ಆ ಕಡೆಯಿಂದ ಅವಳ ತಾಯಿ ಮಾತಾಡಿದಳು, ಆಮೇಲೆ ಅವಳ ಅಪ್ಪ ಫೋನು ಕಸಿದುಕೊಂಡ ಹಾಗಿತ್ತು, ಆಮೇಲೆ ಏನೂ ಇಲ್ಲ. ಚಿಕ್ಕಮ್ಮ ಫೋನನ್ನು ಸೆರಗಿನಿಂದ ಒರೆಸಿ ಚಿಕ್ಕಪ್ಪನಿಗೆ ವಾಪಸು ಕೊಟ್ಟಳು. ಅಮ್ಮನಿಗೆ ಅವಳು ಹೇಳಿದ್ದು ಇಷ್ಟೇ.

“ಅಕ್ಕಾ, ನನ್ನ ವೀಟಿಂದ ಯಾರೂ ಬರಲ್ಲ. ನಾನೇ ಕೇಕ್ ಮಾಡ್ತೀನಿ. ನನ್ನ ಅಪ್ಪನ ಮನೇಲಿ ಮಾಡೋದು ಅದೇ. ಅದನ್ನೇ ತವರು ಬುತ್ತಿ ಅನ್ಕೋತೀನಿ.”

ಅಮ್ಮನಿಗೆ ಚಿಂತೆ ಹತ್ತಿತು. ಬುತ್ತಿ ಬಂದರೆ ಅತ್ತೆ ತಿನ್ನಬೇಕು. ಈ ಬುತ್ತಿಯೋ ಲಿಸ್ಸಿಯ ಕೈಯದೇ. ಹತ್ತು ಜನರ ಮುಂದೆ ಅಜ್ಜಿ ತಟ್ಟೆ ತಳ್ಳಿಬಿಟ್ಟರೆ ಆ ಹುಡುಗಿ ಮುಖ ಎಲ್ಲಿ ಇಟ್ಟುಕೊಳ್ಳಬೇಕು? ಅಮ್ಮ ಹಿತ್ತಿಲಿಗೆ ಹೋಗಿ ಅಜ್ಜಿಯ ಒಲೆ ಮುಂದೆ ಕೂತಳು. ನಾನು ಕೊಟ್ಟಿಗೆಯಲ್ಲಿ ಕರುವಿನ ಜೊತೆ ಆಡುತ್ತಿದ್ದವಳು ಕಿವಿ ಆ ಕಡೆಗಿಟ್ಟೆ.

“ಅತ್ತೆ, ಒಂದೇ ಒಂದ್ ಚೂರು ಬಾಯ್ಗೆ ಆಕ್ಕಬುಡಿ. ಬಸುರಿ ಉಡುಗಿ, ಬೀದಿ ಎಂಗುಸ್ರ ಮುಂದ ಕಣ್ಣೀರಾಕ್ಸಬ್ಯಾಡಿ.”

“ಕಣ್ಣೀರಾಕ್ಸಕ್ಕ ನಂಗೇನ್ ಆಸನಾ? ಲಿಂಗ ಮುಟ್ಟಿ ಆಣ ಮಾಡ್ಬುಟ್ಟಿವ್ನಿ ಕಣಮ್ಮಿ. ಅದೇನ್ ಸೀರ ಗಂಟಾ, ಬೇಕಾದಾಗ ಬಿಚ್ಚಿ ಕಟ್ಟಕ್ಕ?”

ಅಮ್ಮ ಎದ್ದು ಬಂದಳು. ಅಜ್ಜಿ ಮುದ್ದೆಯ ಹಿಟ್ಟನ್ನು ತಿರುವದೆ ಹಾಗೇ ಬಿಟ್ಟು ಕೂತಿದ್ದಳು. ಅವತ್ತು ನಾನು ಮೊದಲ ಸಲ ಅಜ್ಜಿಯನ್ನು ನೋಡಿ ಅಯ್ಯೋ ಪಾಪ ಅಂದುಕೊಂಡೆ. ಸಿಟ್ಟಿನಲ್ಲಿ ಆಡಿದ ಒಂದು ಮಾತು ಅವಳನ್ನು ಹಿತ್ತಿಲಲ್ಲಿ ಕೂಡಿಹಾಕಿತ್ತು, ಬೀಗದ ಕೈ ಅವಳ ಹತ್ತಿರವೂ ಇರಲಿಲ್ಲ.

ಬುತ್ತಿಯ ದಿನ ಮಧ್ಯಾಹ್ನ ಚಿಕ್ಕಮ್ಮ ಮೈದಾ ಜರಡಿ ಹಿಡಿದು, ಸಕ್ಕರೆ ಪುಡಿ ಮಾಡಿ, ಅಜ್ಜಿಯ ಬೆಣ್ಣೆಯನ್ನು ಕೈಯಲ್ಲೇ ನೊರೆಯಾಗುವಂತೆ ತೀಡಿದಳು. ಮೊಸರು ಬೆರೆಸಿ, ತನ್ನ ಮಲಯಾಳದಲ್ಲಿ ನನ್ನನ್ನು ಮಗಳೇ ಎಂದು ಕರೆದು ಹೇಳಿದಳು.

“ಮೋಳೇ, ಸೋಡಾ ಡಬ್ಬಿ ತಾ.”

ಸೋಡಾಪುಡಿಯದು ಒಂದು ಪುಟ್ಟ ಸ್ಟೀಲ್ ಡಬ್ಬಿ, ಯಾವಾಗಲೂ ಸಾಸಿವೆ ಡಬ್ಬಿಯ ಪಕ್ಕ ಇರುವಂಥದ್ದು. ಅವತ್ತು ಅಲ್ಲಿರಲಿಲ್ಲ. ಕಾಳು ಬೇಯಿಸಬೇಕು ಅಂತ ಬೆಳಿಗ್ಗೆ ಅಜ್ಜಿ ಅದನ್ನು ನನ್ನ ಕೈಯಲ್ಲೇ ಹಿತ್ತಿಲಿಗೆ ತರಿಸಿಕೊಂಡದ್ದು ನನಗೆ ಮರೆತೇ ಹೋಗಿತ್ತು. ನಾನು ಶೆಲ್ಫನ್ನೆಲ್ಲ ತಡಕಾಡುತ್ತಿರುವಾಗ ಹೊಸ್ತಿಲಾಚೆ ಅಜ್ಜಿ ಬಂದು ನಿಂತಿದ್ದಳು. ಕೈಯಲ್ಲಿ ಡಬ್ಬಿ.

“ಇದೇ ಅಲ್ವಾ ನೀ ಉಡುಕದು? ತಗ, ಕೊಡವಳ್ಗ.”

ನಾನು ಕೊಟ್ಟೆ. ಚಿಕ್ಕಮ್ಮ ಮುಚ್ಚಳ ತೆಗೆದು, ಬಗ್ಗಿ ಡಬ್ಬಿಯೊಳಗೆ ನೋಡಿದಳು. ತಲೆಯೆತ್ತಿ ಬಾಗಿಲ ಕಡೆ ನೋಡಿದಳು. ಅಜ್ಜಿ ಆಗಲೇ ಬೆನ್ನು ತಿರುಗಿಸಿ ಹಿತ್ತಿಲಿಗೆ ನಡೆದಿದ್ದಳು. ಚಿಕ್ಕಮ್ಮ ಚಮಚ ತೆಗೆದುಕೊಂಡು ಪುಡಿ ಹಾಕಿದಳು, ಕಲಸಿದಳು, ಪಾತ್ರೆಯನ್ನು ಮರಳಿನ ಮೇಲಿಟ್ಟಳು. ನನ್ನ ಗಮನವೆಲ್ಲ ಸಕ್ಕರೆ ಪುಡಿ ಅಂಟಿದ್ದ ಮಿಕ್ಸಿ ಜಾರಿನ ಮೇಲಿತ್ತು.

ಸಂಜೆ ಹೆಂಗಸರು ಬಂದು ಚಾಪೆಯ ಮೇಲೆ ಕೂತರು. ಚಿಕ್ಕಮ್ಮನಿಗೆ ಅಮ್ಮ ಹಸಿರು ಸೀರೆ ಉಡಿಸಿ, ಹೂವು ಮುಡಿಸಿ, ಮಣೆಯ ಮೇಲೆ ಕೂರಿಸಿದ್ದಳು. ಕುಕ್ಕರ್ ತೆಗೆಯಲು ಒಳಗೆ ಹೋದ ಅಮ್ಮ “ಅಯ್ಯೋ ಶಿವ್ನೆ” ಎಂದದ್ದು ನಡುಮನೆಗೆಲ್ಲ ಕೇಳಿತು. ಕೇಕು ಬೆರಣಿ ತಟ್ಟಿದಂತೆ ತಳದಲ್ಲಿ ಚಪ್ಪಟೆಯಾಗಿ ಮಲಗಿತ್ತು. ಅಮ್ಮ ಡಬ್ಬಿ ತೆಗೆದು ನೋಡಿದಳು, ಬೆರಳಲ್ಲಿ ತಿಕ್ಕಿದಳು, ಮೂಸಿದಳು. ಸೋಡಾ ಎಲ್ಲಿ ಬಂತು, ಅದು ಅಜ್ಜಿ ದಿನಾ ಪೂಜೆಗೆ ಕೂರುವಾಗ ಹಣೆಗಿಟ್ಟುಕೊಳ್ಳುವ ವಿಭೂತಿಪುಡಿ.

“ಕಣ್ಣೆಲ್ಲಿ ಇಟ್ಟಿದ್ದೆ ನೀನು?” ಎಂದು ಅಮ್ಮ ನನ್ನ ಮೇಲೆ ಕೈ ಎತ್ತಿದಳು. ಆ ಹೊತ್ತಿಗೆ, ಚಿಕ್ಕಮ್ಮ ಬಂದಾಗಿನಿಂದ ತುಳಿಯದ ಹೊಸ್ತಿಲನ್ನು ದಾಟಿ, ಅಜ್ಜಿ ಒಳಗೆ ಬಂದಳು.

“ಮಗ ಮ್ಯಾಲ ಯಾಕ ಕೈ ಎತ್ತಿಯೆ? ನಾನೇ ಕೊಟ್ಟಿದ್ದು. ಕಣ್ ಮಂಜಾಗವ, ಡಬ್ಬಿ ಡಬ್ಬಿ ಒಂದೇ ತರ ಕಂಡ್ಬುಟ್ಟೊ.”

“ಓಗ್ಲಿ ಬುಡಿ ಅತ್ತೆ. ಇದ ದನಕಾಕ್ಬುಟ್ಟು ಬೇಗ ಒಂದೀಟು ಸಜ್ಜಿಗ ಮಾಡ್ಬುಡ್ತೀನಿ.”

“ಏನಂದಮ್ಮಿ? ಶಿವ್ನ ಈಬೂತಿ ಬಿದ್ದದ್ದ ದನಕಾಕಿಯಾ? ಪ್ರಸಾದ ಅದು. ತಗಬಾ ಇತ್ತಗ.”

ನಮ್ಮಲ್ಲಿ ವಿಭೂತಿ ಸೋಕಿದ್ದನ್ನು ಎಸೆಯುವಂತಿಲ್ಲ, ಬೇಡ ಎನ್ನುವಂತೆಯೂ ಇಲ್ಲ. ನನಗೆ ಜ್ವರ ಬಂದಾಗ ಅಜ್ಜಿ ಗಂಜಿಗೆ ಚಿಟಿಕೆ ವಿಭೂತಿ ಉದುರಿಸಿದರೆ ಬಟ್ಟಲು ನೆಕ್ಕಿಯೇ ಏಳಬೇಕಿತ್ತು. ಅಮ್ಮ ಕೇಕನ್ನು ತಟ್ಟೆಗೆ ಕವುಚಿ, ಕತ್ತಿಯನ್ನು ಬಲವಾಗಿ ಒತ್ತಿ ಕೊಯ್ದು ನಡುಮನೆಗೆ ತಂದಳು. ಅಜ್ಜಿ ಚಿಕ್ಕಮ್ಮನ ಎದುರಿಗೆ ಕೂತು ಒಂದು ಚೂರು ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಪಕ್ಕದ ಮನೆಯ ಗೌರಮ್ಮನಿಗೆ ತಡೆಯಲಾಗಲಿಲ್ಲ.

“ಆಣ ಮಾಡಿದ್ರಲ್ಲ ದೊಡ್ಡವ್ವ, ಇವಳ ಕೈನದ ಮುಟ್ಟಲ್ಲ ಅಂತ?”

“ಪ್ರಸಾದ ಯಾರ ಕೈನದೂ ಅಲ್ಲ ಕಣಮ್ಮಿ. ನೀನೂ ತಗ. ಬುಟ್ರ ಪಾಪ ಬಂದದು.”

ಅದರ ರುಚಿಯ ಬಗ್ಗೆ ಸುಳ್ಳು ಹೇಳಲಾರೆ. ಹೊರಗೆ ಬಿಸ್ಕತ್ತಿನಷ್ಟು ಗಟ್ಟಿ, ಒಳಗೆ ಅಂಟಂಟು, ನುಂಗಿದ ಮೇಲೆ ಬಾಯಿ ತುಂಬ ಬೂದಿ. ಗೌರಮ್ಮ ಪಾಪಕ್ಕೆ ಹೆದರಿ ಕಣ್ಣು ಮುಚ್ಚಿಕೊಂಡು ನುಂಗಿದ್ದನ್ನು ನೋಡಿ ನನಗೆ ನಗು ಬಂತು. ಅಜ್ಜಿಗೆ ಹಲ್ಲು ಅರ್ಧಕ್ಕರ್ಧ ಇರಲಿಲ್ಲ. ಚೂರನ್ನು ದವಡೆಯಲ್ಲಿಟ್ಟುಕೊಂಡು ಬೆಲ್ಲ ಚೀಪುವಂತೆ ಚೀಪಿ ಚೀಪಿ ಮುಗಿಸಿದಳು. ಮುಗಿಸಿ, ಮತ್ತೆ ತಟ್ಟೆಗೆ ಕೈಯಿಟ್ಟಳು. ಎರಡನೆಯ ಚೂರು ತಿನ್ನುತ್ತಾ, ನನ್ನ ಕಡೆ ನೋಡದೆ, ನೇರ ಚಿಕ್ಕಮ್ಮನಿಗೇ ಹೇಳಿದಳು.

“ನೀನೂ ತಿನ್ನವ್ವ. ಬಸುರಿ ಅಸ್ಕಂಡಿರ್ಬಾರ್ದು.”

ಚಿಕ್ಕಮ್ಮ ಕೇಕನ್ನು ಬಾಯಿಗಿಟ್ಟುಕೊಂಡು ಅತ್ತಳು. ಅಮ್ಮನೂ ಅತ್ತಳು. ನನ್ನ ಕೆಲಸ ಅವತ್ತಿಗೆ ಮುಗಿಯಿತು ಎಂದು ಯಾರಿಗೂ ಹೊಳೆಯಲಿಲ್ಲ. ನನಗೆ ಮಾತ್ರ ಹೊಳೆಯಿತು, ಖುಷಿಯ ಜೊತೆ ಸ್ವಲ್ಪ ಬೇಜಾರೂ ಆಯಿತು.

ಮಾರನೆಯ ದಿನ ಅಪ್ಪನ ಜೊತೆ ಹೊಸ ಯೂನಿಫಾರ್ಮ್ ತರಲು ಪೇಟೆಗೆ ಹೊರಟಿದ್ದೆ. ಜಗುಲಿಯ ಮೇಲೆ ಅಕ್ಕಿ ಆರಿಸುತ್ತಿದ್ದ ಅಜ್ಜಿ ತಲೆಯೆತ್ತಿ, “ಓಡಮ್ಮಿ, ಗುಂಡ್ಲುಪೇಟೆ ಬಸ್ಸು ತಿರುವ್ನಲ್ಲಿ ಬಂತು, ನೋಡು, ಬೋರ್ಡು ಕೆಂಪ್ಗದ” ಎಂದಳು. ಅಷ್ಟು ದೂರದ ಬಸ್ಸಿನ ಬೋರ್ಡು ನನಗೇ ಸರಿಯಾಗಿ ಕಾಣುತ್ತಿರಲಿಲ್ಲ. ಮೊರದ ಅಕ್ಕಿಯಲ್ಲಿ ಅವಳು ಆರಿಸಿಟ್ಟ ಕಲ್ಲುಗಳು ಸಾಸಿವೆಗಿಂತ ಸಣ್ಣವು.

“ಅಜ್ಜಿ, ಕಣ್ಣು ಮಂಜು ಅಂದಲ್ಲ ನೆನ್ನೆ?”

ಅಜ್ಜಿ ಮೊರ ಕೆಳಗಿಟ್ಟಳು. ನನ್ನ ಕಿವಿ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು, ನೋವಾಗದ ಹಾಗೆ.

“ಯಾರ್ಗಾರ ಯೋಳಿಯೆ ಮತ್ತ. ಅವಳ್ಗಂತೂ ಯೋಳ್ಲೇಬ್ಯಾಡ. ತವರ್ನಿಂದ ಒಂದು ನರಪಿಳ್ಳೆ ಬರ್ನಿಲ್ಲ ಆ ಮಗೀಗ. ನಾನೂ ತಟ್ಟ ತಳ್ಬುಟ್ರ ಅದು ಎಲ್ಲಿಗ್ ಓಯ್ತದ? ಓಗು, ಬಸ್ ಅತ್ತು.”

ಆ ನಂತರ ಹಿತ್ತಿಲ ಒಲೆ ಹೊತ್ತಲಿಲ್ಲ. ಆಣೆಯೇನೂ ಮುರಿದಿರಲಿಲ್ಲ. ಚಿಕ್ಕಮ್ಮ ಏನು ಬಡಿಸಿದರೂ ಅಜ್ಜಿ ಡಬ್ಬಿ ತೆಗೆದು, ಅದರ ಮೇಲೆ ಚಿಟಿಕೆ ವಿಭೂತಿ ಉದುರಿಸಿ, ಪ್ರಸಾದ ಮಾಡಿಕೊಂಡು ಉಣ್ಣುತ್ತಿದ್ದಳು. ಸಾರಿನ ಮೇಲೆ, ಮುದ್ದೆಯ ಮೇಲೆ, ಸೋಡಾ ಸರಿಯಾಗಿ ಬಿದ್ದು ಉಬ್ಬಿದ ಕೇಕುಗಳ ಮೇಲೆ. ಚಿಕ್ಕಮ್ಮನಿಗೆ ಹೆಣ್ಣು ಮಗುವಾಯಿತು. ಅದನ್ನು ತೊಡೆಯ ಮೇಲೆ ಹಾಕಿಕೊಂಡು ಒಂದೇ ಕೈಯಲ್ಲಿ ಉಣ್ಣುವಾಗ ಡಬ್ಬಿ ತೆಗೆಯುವುದು ಅಜ್ಜಿಗೆ ಕಷ್ಟವಾಯಿತು. ಚಿಟಿಕೆ ದಿನ ಬಿಟ್ಟು ದಿನವಾಯಿತು, ಹಬ್ಬಕ್ಕಾಯಿತು, ಆಮೇಲೆ ಯಾವತ್ತು ನಿಂತಿತೋ ಯಾರೂ ಗಮನಿಸಲಿಲ್ಲ.

ಅಜ್ಜಿ ಇರುವವರೆಗೂ ನಾನು ಬಾಯಿ ಬಿಡಲಿಲ್ಲ. ಅವಳು ಹೋಗಿ ಎಷ್ಟೋ ವರ್ಷಗಳ ಮೇಲೆ, ನನ್ನ ಮಗನ ಹುಟ್ಟುಹಬ್ಬಕ್ಕೆ ಕೇಕು ತೆಗೆದುಕೊಳ್ಳಲು ಚಿಕ್ಕಮ್ಮನ ಮನೆಗೆ ಹೋದಾಗ ಹೇಳಿದೆ. ಅವಳೂ ಚಿಕ್ಕಪ್ಪನೂ ಈಗ ಗುಂಡ್ಲುಪೇಟೆಯಲ್ಲಿದ್ದಾರೆ, ಚಿಕ್ಕಮ್ಮ ಮನೆಯಲ್ಲೇ ಓವನ್ ಇಟ್ಟುಕೊಂಡು ಆರ್ಡರ್ ಹಿಡಿದು ಕೇಕು ಮಾಡಿಕೊಡುತ್ತಾಳೆ. ಅಜ್ಜಿ ಬೇಕೆಂದೇ ಡಬ್ಬಿ ಬದಲಿಸಿದ್ದು ಎಂದು ನಾನು ದೊಡ್ಡ ಗುಟ್ಟು ಬಿಚ್ಚಿಡುವವಳ ಹಾಗೆ ಹೇಳಿದರೆ, ಅವಳು ಕ್ರೀಮು ಹಚ್ಚುವುದನ್ನೂ ನಿಲ್ಲಿಸಲಿಲ್ಲ.

“ಗೊತ್ತು ಮೋಳೇ. ಬೇಕರಿ ಮನೇಲಿ ಹುಟ್ಟಿದೋಳು ನಾನು. ಮುಚ್ಚಳ ತೆಗ್ದಾಗ್ಲೇ ಗೊತ್ತಾಯ್ತು, ಇದು ಸೋಡಾ ಅಲ್ಲ ಅಂತ.”

“ಗೊತ್ತಿದ್ದೂ ಹಾಕಿದ್ರಾ? ಅಷ್ಟು ಕಷ್ಟಪಟ್ಟು ಕಲ್ತ ಕೇಕು, ಅದೂ ಆ ದಿನ?”

ಚಿಕ್ಕಮ್ಮ ಕೈಯಲ್ಲಿದ್ದುದನ್ನು ಈಗ ಕೆಳಗಿಟ್ಟಳು.

“ಮೊದ್ಲು ಸಿಟ್ಟು ಬಂತು, ಬೇಕೂಂತ ಹಾಳು ಮಾಡ್ತಾ ಇದಾರೆ ಅಂತ. ಆಮೇಲೆ ನೆನಪಾಯ್ತು, ಈ ಮನೇಲಿ ವಿಭೂತಿ ಬಿದ್ದಿದ್ದನ್ನ ಯಾರೂ ಬಿಡಲ್ಲ. ಅತ್ತೆ ಬೆನ್ನು ತಿರುಗಿಸ್ಕೊಂಡು ಹೋಗ್ತಿದ್ರು. ಒಂದು ಚಮಚ ಸಾಕಾಗತ್ತೋ ಇಲ್ವೋ ಅಂತ ಎರಡು ಹಾಕ್ಬಿಟ್ಟೆ.”